ಮೂಲೆಯ ತಿರುವಿನಲ್ಲಿ ನಿಲ್ಲುತ್ತಿದ್ದ ಎಂಜಿನ್

ನನ್ನ ಮಾದರಿ ರೈಲುಮಾರ್ಗದಲ್ಲಿ, ಹಳಿಗೆ ವಿದ್ಯುತ್ ಕಳಿಸುವ ಪೆಟ್ಟಿಗೆಯಾದ ಬೂಸ್ಟರ್‌ನಿಂದ ಅತ್ಯಂತ ದೂರದ ಮೂಲೆಯಲ್ಲಿ ಒಂದು ತಿರುವಿದೆ. ವೈರು ಸಾಗುವ ಹಾದಿಯಲ್ಲಿ ಲೆಕ್ಕ ಹಾಕಿದರೆ ಅದು ಸುಮಾರು 8 ಮೀಟರ್ ದೂರ. ಹಲವು ತಿಂಗಳ ಕಾಲ ಅಲ್ಲಿಗೆ ಬಂದ ಎಂಜಿನ್‌ಗಳೆಲ್ಲ ಒಂದಲ್ಲ ಒಂದು ಬಗೆಯಲ್ಲಿ ತೊಂದರೆ ಕೊಡುತ್ತಿದ್ದವು. ಒಂದು ಎಂಜಿನ್ ವೇಗ ಕಳೆದುಕೊಂಡು ತೆವಳುತ್ತಿತ್ತು. ಇನ್ನೊಂದರ ದೀಪ ಮಿಣುಕುತ್ತಿತ್ತು. ಹಳಿಯಿಂದ ಬರುವ ಆದೇಶಗಳನ್ನು ಓದಿ ಸದ್ದನ್ನೂ ಹೊರಡಿಸುವ ಧ್ವನಿ ಡಿಕೋಡರ್ ಇದ್ದ ಮೂರನೆಯದು ಇದ್ದಕ್ಕಿದ್ದಂತೆ ಮೌನವಾಗಿ, ಎರಡು ಕ್ಷಣಗಳ ನಂತರ ಆಗಷ್ಟೇ ಸ್ಟಾರ್ಟ್ ಮಾಡಿದ ಡೀಸೆಲ್ ಎಂಜಿನ್ನಿನ ಸದ್ದನ್ನು ಮೊದಲಿನಿಂದ ಹೊರಡಿಸುತ್ತಿತ್ತು. ಎರಡು ಎಂಜಿನ್‌ಗಳನ್ನು ಜೋಡಿಸಿ ಉದ್ದನೆಯ ಗೂಡ್ಸ್ ಗಾಡಿಯನ್ನು ಎಳೆಸಿದರೆ ಇಡೀ ಗಾಡಿ ಅಲ್ಲೇ ನಿಂತುಬಿಡುತ್ತಿತ್ತು.

ಇಂಥ ಸಂದರ್ಭದಲ್ಲಿ ಹೆಚ್ಚಿನವರು ಮಾಡುವುದನ್ನೇ ನಾನೂ ಮಾಡಿದೆ. ಹಳಿಗಳನ್ನು ಒರೆಸಿದೆ, ಚಕ್ರಗಳನ್ನು ಒರೆಸಿದೆ, ಡಿಕೋಡರ್‌ಗಳ ಸಿವಿ ಮೌಲ್ಯಗಳನ್ನು, ಅಂದರೆ ಅವುಗಳ ಒಳ ಹೊಂದಿಕೆಗಳನ್ನು, ಬದಲಾಯಿಸಿ ನೋಡಿದೆ. ಕೊನೆಗೆ ಮಲ್ಟಿಮೀಟರ್ ತಂದು ಎಂಜಿನ್‌ಗಳನ್ನೆಲ್ಲ ಎತ್ತಿಟ್ಟು, ಆ ತಿರುವಿನ ಎರಡೂ ಹಳಿಗಳಿಗೆ ಕಡ್ಡಿಗಳನ್ನು ಒತ್ತಿ ಹಿಡಿದೆ. ಮೀಟರ್ 14.1 ವೋಲ್ಟ್ ತೋರಿಸಿತು. ಬೂಸ್ಟರ್‌ನ ಬಾಯಲ್ಲಿ 14.2 ಇತ್ತು. ಇಷ್ಟು ದೂರಕ್ಕೆ 0.1 ವೋಲ್ಟ್ ಮಾತ್ರ ಇಳಿದಿದೆ ಎಂದಾದರೆ ವೈರಿಂಗ್ ಸರಿಯಾಗಿಯೇ ಇದೆ ಎಂದು ತೀರ್ಮಾನಿಸಿದೆ. ಆ ತೀರ್ಮಾನ ಪೂರ್ತಿ ತಪ್ಪಾಗಿತ್ತು. ಅದು ಏಕೆ ತಪ್ಪು ಎಂಬುದನ್ನು ವಿವರವಾಗಿ ಬರೆಯಬೇಕೆಂದೇ ಈ ಬರಹಕ್ಕೆ ಕುಳಿತಿದ್ದೇನೆ, ಏಕೆಂದರೆ ಈ ಹವ್ಯಾಸದಲ್ಲಿ ವಿದ್ಯುತ್ತಿಗೆ ಸಂಬಂಧಿಸಿದ ಬಹುಪಾಲು ಗೊಂದಲಗಳು ಈ ಒಂದು ಅಳತೆಯಿಂದಲೇ ಶುರುವಾಗುತ್ತವೆ.

ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್‌ನ ಒಳರೋಧ ಸುಮಾರು 10 ಮೆಗಾಓಮ್ ಇರುತ್ತದೆ. 14 ವೋಲ್ಟಿಗೆ ಅದು ಎಳೆದುಕೊಳ್ಳುವ ಕರೆಂಟ್ ಒಂದೂವರೆ ಮೈಕ್ರೋಆಂಪಿಯರ್‌ಗಿಂತ ಕಡಿಮೆ. ದಾರಿಯಲ್ಲಿ ಎಲ್ಲೋ ಒಂದು ಕಡೆ ಸಂಪರ್ಕ ಕೆಟ್ಟು 3 ಓಮ್ ರೋಧ ಉಂಟಾಗಿದೆ ಎಂದುಕೊಳ್ಳೋಣ. ಇಷ್ಟು ಸಣ್ಣ ಕರೆಂಟಿಗೆ ಆ 3 ಓಮ್‌ನಲ್ಲಿ ಇಳಿಯುವ ವೋಲ್ಟೇಜ್ ಕೆಲವೇ ಮೈಕ್ರೋವೋಲ್ಟ್. ಅದನ್ನು ನಮ್ಮ ಮೀಟರ್ ಕಾಣಲಾರದು. ಅದೇ 3 ಓಮ್‌ನ ಮೂಲಕ ಎಂಜಿನ್‌ಗಳು ಒಂದೂವರೆ ಆಂಪಿಯರ್ ಎಳೆದಾಗ ನಾಲ್ಕೂವರೆ ವೋಲ್ಟ್ ದಾರಿಯಲ್ಲೇ ಮಾಯವಾಗುತ್ತದೆ. ಎಂಜಿನ್‌ಗಳನ್ನು ಎತ್ತಿಟ್ಟು ಅಳೆದ ನಾನು, ದೋಷ ಪ್ರಕಟವಾಗುವ ಸನ್ನಿವೇಶವನ್ನೇ ತೆಗೆದುಹಾಕಿ ದೋಷವನ್ನು ಹುಡುಕುತ್ತಿದ್ದೆ.

ಹಾಗಾಗಿ ಲೋಡ್ ಹಾಕಿಯೇ ಅಳೆಯಬೇಕು. ಅದಕ್ಕೆ ನಾನು ಬಳಸಿದ್ದು ಕಾರಿನ ಬ್ರೇಕ್ ದೀಪದ 12 ವೋಲ್ಟ್, 21 ವ್ಯಾಟ್ ಬಲ್ಬು. ಅದರ ಎರಡು ತುದಿಗಳಿಗೆ ಮೊಸಳೆ ಕ್ಲಿಪ್ ಇರುವ ವೈರುಗಳನ್ನು ಬೆಸುಗೆ ಹಾಕಿ, ಹಳಿಗಳಿಗೆ ಕಚ್ಚಿಸಿದರೆ ಒಂದೂಮುಕ್ಕಾಲು ಆಂಪಿಯರ್‌ನ ಆಸುಪಾಸು ಕರೆಂಟ್ ಹರಿಯುತ್ತದೆ. ತಣ್ಣಗಿರುವ ತಂತಿ ಮೊದಲ ಕ್ಷಣದಲ್ಲಿ ಇದಕ್ಕಿಂತ ಹಲವು ಪಟ್ಟು ಎಳೆಯುವುದರಿಂದ ಕೆಲವು ಬೂಸ್ಟರ್‌ಗಳು ಶಾರ್ಟ್ ಆಗಿದೆಯೆಂದು ಭಾವಿಸಿ ಟ್ರಿಪ್ ಆಗುತ್ತವೆ. ಅಂಥವುಗಳಿಗೆ 10 ಓಮ್, 25 ವ್ಯಾಟ್‌ನ ರೆಸಿಸ್ಟರ್ ಒಳ್ಳೆಯದು. ಅದು ಬೇಗನೆ ಕೈಸುಡುವಷ್ಟು ಬಿಸಿಯಾಗುತ್ತದೆ, ಆದ್ದರಿಂದ ಕೆಲವೇ ಸೆಕೆಂಡುಗಳಲ್ಲಿ ಅಳೆದು ತೆಗೆಯಬೇಕು. ಬಲ್ಬಿನ ಲಾಭವೆಂದರೆ ಅದು ಮೀಟರ್ ಇಲ್ಲದೆಯೂ ಉತ್ತರ ಹೇಳುತ್ತದೆ. ಬೂಸ್ಟರ್‌ನ ಬಳಿ ಅದು ಕಣ್ಣು ಕುಕ್ಕುವಂತೆ ಬಿಳಿಯಾಗಿ ಉರಿಯಿತು. ಮೂಲೆಯ ತಿರುವಿನಲ್ಲಿ ಸಂಜೆಯ ಬಿಸಿಲಿನಂತೆ ಕೆಂಪಗಾಯಿತು. ಅಂಕಿಗಳಲ್ಲಿ ಹೇಳುವುದಾದರೆ ಅಲ್ಲಿ 13.9 ವೋಲ್ಟ್, ಇಲ್ಲಿ 9.6.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡಬೇಕು. ನನ್ನ ಮಾರ್ಗದಲ್ಲಿರುವುದು ವಿದ್ಯುತ್ತನ್ನೂ ಎಂಜಿನ್‌ಗಳಿಗೆ ಆದೇಶವನ್ನೂ ಹಳಿಯ ಮೂಲಕವೇ ಕಳಿಸುವ ಡಿಸಿಸಿ ಎಂಬ ಡಿಜಿಟಲ್ ಪದ್ಧತಿ; ಅದರಲ್ಲಿ ಹಳಿಯ ಮೇಲಿರುವುದು ಮನೆಯ ವಿದ್ಯುತ್ತಿನಂಥ ಮೆದುವಾದ ಅಲೆಯಲ್ಲ. ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘವಾದ ಎನ್‌ಎಂಆರ್‌ಎಯ ಮಾನದಂಡದ ಪ್ರಕಾರ ಒಂದು ಎಂಬ ಬಿಟ್‌ನ ಪ್ರತಿ ಅರ್ಧಕ್ಕೆ 58 ಮೈಕ್ರೋಸೆಕೆಂಡ್, ಸೊನ್ನೆಯ ಪ್ರತಿ ಅರ್ಧಕ್ಕೆ 100 ಅಥವಾ ಅದಕ್ಕೂ ಹೆಚ್ಚು ಮೈಕ್ರೋಸೆಕೆಂಡ್ ಹಿಡಿಯುವ ಚೌಕಾಕಾರದ ತರಂಗ ಅದು. ಒಂದುಗಳೇ ಸಾಲಾಗಿ ಬಂದರೆ ಅದು ಸೆಕೆಂಡಿಗೆ ಸುಮಾರು 8,600 ಆವರ್ತನಗಳಾಗುತ್ತದೆ. ಅಗ್ಗದ ಮೀಟರ್‌ಗಳ ಎಸಿ ಅಳತೆ 50 ಅಥವಾ 60 ಹರ್ಟ್ಸ್‌ನ ಸೈನ್ ಅಲೆಗೆ ಹೊಂದಿಸಿದ್ದಾದ್ದರಿಂದ ಇಲ್ಲಿ ಅವು ತೋರಿಸುವ ಅಂಕಿ ನಿಖರವಲ್ಲ. ಆದರೂ ಒಂದೇ ಮೀಟರ್ ಹಿಡಿದು ಎರಡು ಜಾಗಗಳನ್ನು ಹೋಲಿಸುವುದಕ್ಕೆ ಅದು ಸಾಕು. ನನಗೆ ಬೇಕಾಗಿದ್ದೂ ಹೋಲಿಕೆಯೇ.

ನಾಲ್ಕೂಕಾಲು ವೋಲ್ಟಿಗೂ ಹೆಚ್ಚು ಎಲ್ಲಿ ಹೋಯಿತು ಎಂಬುದನ್ನು ಹುಡುಕುವುದಕ್ಕೆ ಬಲ್ಬನ್ನು ತಿರುವಿನಲ್ಲೇ ಉರಿಯಲು ಬಿಟ್ಟು, ಮೀಟರ್‌ನ ಎರಡು ಕಡ್ಡಿಗಳನ್ನು ಒಂದೇ ಹಳಿಯ ಮೇಲೆ ಇಡುತ್ತ ಹೋದೆ: ಒಂದು ಕಡ್ಡಿ ಹಳಿಯ ಎರಡು ತುಂಡುಗಳನ್ನು ಕೂಡಿಸುವ ಲೋಹದ ಜಾಯ್ನರ್‌ನ ಈಚೆ, ಇನ್ನೊಂದು ಆಚೆ. ಸಂಪರ್ಕ ಚೆನ್ನಾಗಿದ್ದರೆ ಎರಡರ ನಡುವೆ ಹೆಚ್ಚು ಕಡಿಮೆ ಸೊನ್ನೆ ಬರುತ್ತದೆ; ಕೆಟ್ಟಿದ್ದರೆ ಕಳೆದುಹೋದ ವೋಲ್ಟೇಜ್ ಅಲ್ಲೇ ಕಾಣಿಸಿಕೊಳ್ಳುತ್ತದೆ. ಈ ವಿಧಾನ ನನಗೆ ಬಹಳ ಇಷ್ಟ, ಏಕೆಂದರೆ ಇದರಲ್ಲಿ ಊಹೆಗೆ ಜಾಗವಿಲ್ಲ. ಹತ್ತು ಜಾಯ್ನರ್‌ಗಳು ಸೊನ್ನೆಯ ಹತ್ತಿರವೇ ಬಂದವು. ಹನ್ನೊಂದನೆಯದರಲ್ಲಿ ಮೀಟರ್ 2.7 ವೋಲ್ಟ್ ಎಂದಿತು. ನಂತರ ಮೇಜಿನ ಕೆಳಗೆ ತೆವಳಿ ನೋಡಿದಾಗ, ಬೂಸ್ಟರ್‌ನಿಂದ ಹೊರಡುವ ಮುಖ್ಯ ವೈರಾದ ಬಸ್ ವೈರಿಗೆ, ಅಲ್ಲಿಂದ ಹಳಿಗೆ ಏರುವ ಫೀಡರ್ ವೈರನ್ನು ಕಚ್ಚಿಸಿದ್ದ ಒಂದು ಪ್ಲಾಸ್ಟಿಕ್ ಕನೆಕ್ಟರ್‌ನಲ್ಲಿ ಇನ್ನೂ 1 ವೋಲ್ಟ್ ಸಿಕ್ಕಿತು. ಉಳಿದ 0.6 ವೋಲ್ಟ್ ಯಾವ ಒಂದು ಜಾಗದಲ್ಲೂ ಇರಲಿಲ್ಲ. ಅದು ಬಸ್ ವೈರಿನ ಉದ್ದಕ್ಕೂ ಹಂಚಿಹೋಗಿತ್ತು.

ಆ ಜಾಯ್ನರ್ ಅನ್ನು ಕಳಚಿ ಬೆಳಕಿಗೆ ಹಿಡಿದಾಗ ಕಾರಣ ಸ್ಪಷ್ಟವಾಯಿತು. ಹಳಿಗಳ ಪಕ್ಕಕ್ಕೆ ತುಕ್ಕಿನ ಬಣ್ಣ ಬಳಿದಿದ್ದ ದಿನ ಬಣ್ಣ ತೆಳುವಾಗಿದ್ದುದರಿಂದ ಅದು ಹಳಿಗೂ ಜಾಯ್ನರ್‌ಗೂ ನಡುವಿನ ಕೂದಲೆಳೆಯಷ್ಟು ಸಂದಿಯೊಳಗೆ ಹೀರಿಕೊಂಡು ಒಣಗಿತ್ತು. ಜಾಯ್ನರ್‌ನ ಒಳಮೈಯಲ್ಲಿ ಕಂದು ಬಣ್ಣದ ಪೊರೆ, ಅದರ ನಡುವೆ ಸಾಸಿವೆಗಿಂತ ಸಣ್ಣದಾದ ಎರಡು ಹೊಳೆಯುವ ಚುಕ್ಕೆಗಳು. ಇಷ್ಟು ದಿನ ಎಂಜಿನ್‌ಗಳಿಗೆ ಬೇಕಾದ ಕರೆಂಟ್ ಎಲ್ಲ ಆ ಎರಡು ಚುಕ್ಕೆಗಳ ಮೂಲಕ ಹರಿಯುತ್ತಿತ್ತು. ಹಳಿಯ ಲೋಹವಾದ ನಿಕ್ಕಲ್ ಸಿಲ್ವರ್‌ನಲ್ಲಿ ಹೆಸರಿಗೆ ಬೆಳ್ಳಿ ಇದ್ದರೂ ಇರುವುದು ತಾಮ್ರ, ನಿಕ್ಕಲ್ ಮತ್ತು ಸತು. ಅದರ ರೋಧ ಶುದ್ಧ ತಾಮ್ರಕ್ಕಿಂತ ಹದಿನೈದು ಪಟ್ಟಿಗೂ ಹೆಚ್ಚು. ಹಾಗಾಗಿ ಹಳಿಯನ್ನೇ ವೈರೆಂದು ನಂಬಿ, ದೂರ ದೂರಕ್ಕೊಂದು ಫೀಡರ್ ಕೊಡುವುದು ಮೊದಲಿನಿಂದಲೂ ಸರಿಯಲ್ಲ. ಜಾಯ್ನರ್‌ನ ಕೆಲಸ ಹಳಿಗಳನ್ನು ನೇರವಾಗಿ ಹಿಡಿದಿಡುವುದು. ವಿದ್ಯುತ್ ಸಾಗಿಸುವ ಹೊಣೆಯನ್ನು ಅದರ ಮೇಲೆ ಹೊರಿಸಬಾರದು.

ಇದರಲ್ಲಿ ರೈಲು ನಿಲ್ಲುವುದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿ ಇತ್ತು. ವೈರಿಂಗ್ ಪರೀಕ್ಷೆಗೆ ಬಹುಕಾಲದಿಂದ ಬಳಕೆಯಲ್ಲಿರುವ ಕ್ರಮವೆಂದರೆ ಎರಡೂ ಹಳಿಗಳ ಮೇಲೆ ಅಡ್ಡಲಾಗಿ ಒಂದು ಲೋಹದ ನಾಣ್ಯ ಇಡುವುದು. ಬೂಸ್ಟರ್ ತಕ್ಷಣ ಟ್ರಿಪ್ ಆಗಬೇಕು. ಈ ತಿರುವಿನಲ್ಲಿ ನಾಣ್ಯ ಇಟ್ಟಾಗ ಅದು ಟ್ರಿಪ್ ಆಗಲೇ ಇಲ್ಲ. ಲೆಕ್ಕ ಸುಲಭ: 14 ವೋಲ್ಟನ್ನು ದಾರಿಯ ಸುಮಾರು 3 ಓಮ್ ರೋಧದಿಂದ ಭಾಗಿಸಿದರೆ 4.7 ಆಂಪಿಯರ್. ನನ್ನ ಬೂಸ್ಟರ್‌ನ ಮಿತಿ 5 ಆಂಪಿಯರ್. ಅದರ ದೃಷ್ಟಿಯಲ್ಲಿ ಅದು ಶಾರ್ಟ್ ಸರ್ಕ್ಯೂಟ್ ಅಲ್ಲವೇ ಅಲ್ಲ, ಹಲವು ಎಂಜಿನ್‌ಗಳು ಒಟ್ಟಿಗೆ ಓಡುತ್ತಿವೆ ಎಂದಷ್ಟೇ ಅರ್ಥ. ಆದರೆ ಆ ಹೊತ್ತಿನಲ್ಲಿ ಒಟ್ಟು 65 ವ್ಯಾಟ್ ಶಾಖ ದಾರಿಯಲ್ಲಿ ಉತ್ಪತ್ತಿಯಾಗುತ್ತಿರುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆ ಪುಟ್ಟ ಜಾಯ್ನರ್‌ನಲ್ಲಿ. ನಾಣ್ಯ ಎತ್ತುವ ಮೊದಲೇ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂದಿತ್ತು. ಆಮೇಲೆ ನೋಡಿದರೆ ಜಾಯ್ನರ್‌ನ ಕೆಳಗಿನ ಸ್ಲೀಪರ್ ಮೆತ್ತಗಾಗಿ ಬಾಗಿತ್ತು. ಹಳಿ ತಪ್ಪಿದ ಎಂಜಿನ್ ಒಂದು ಅಲ್ಲಿ ಅಡ್ಡ ಬಿದ್ದಿದ್ದರೆ, ಅದೇ ಕರೆಂಟ್ ಅದರ ಚಕ್ರಗಳ ಮೂಲಕ, ತೆಳ್ಳನೆಯ ಸಂಪರ್ಕ ಪಟ್ಟಿಗಳ ಮೂಲಕ ಎಷ್ಟು ಹೊತ್ತು ಬೇಕಾದರೂ ಹರಿಯುತ್ತಿತ್ತು. ಆದ್ದರಿಂದ ಈ ಪರೀಕ್ಷೆಯನ್ನು ಬೂಸ್ಟರ್‌ನ ಪಕ್ಕದಲ್ಲಿ ಮಾಡಿ ತೃಪ್ತರಾಗದೆ, ಮಾರ್ಗದ ಪ್ರತಿಯೊಂದು ತುದಿಯಲ್ಲಿಯೂ ಮಾಡಬೇಕು; ಟ್ರಿಪ್ ಆಗದಿದ್ದರೆ ನಾಣ್ಯವನ್ನು ಆ ಕ್ಷಣವೇ, ಬರಿಗೈಯಲ್ಲಿ ಮುಟ್ಟದೆ, ಮರದ ಕಡ್ಡಿಯಿಂದ ತಳ್ಳಬೇಕು.

ದುರಸ್ತಿಗೆ ಒಂದು ವಾರ ಹಿಡಿಯಿತು. ಹಳೆಯ ಬಸ್ ವೈರಿನ ದಪ್ಪ 0.75 ಚದರ ಮಿಲಿಮೀಟರ್. ತಾಮ್ರದ ಅಂಥ ವೈರಿಗೆ ಪ್ರತಿ ಮೀಟರ್‌ಗೆ ಸುಮಾರು 23 ಮಿಲಿಓಮ್ ರೋಧ. ಹೋಗಿ ಬರುವ ಹಾದಿ ಸೇರಿ 16 ಮೀಟರ್‌ಗೆ 0.37 ಓಮ್. 3 ಆಂಪಿಯರ್ ಹರಿದರೆ ಒಂದು ವೋಲ್ಟಿಗೂ ಹೆಚ್ಚು ನಷ್ಟ. ಅದರ ಬದಲು 2.5 ಚದರ ಮಿಲಿಮೀಟರ್ ವೈರು ಹಾಕಿದಾಗ ಒಟ್ಟು ರೋಧ 0.11 ಓಮ್‌ಗೆ ಇಳಿಯಿತು. ಕಚ್ಚಿಸುವ ಕನೆಕ್ಟರ್‌ಗಳನ್ನೆಲ್ಲ ತೆಗೆದು ಬೆಸುಗೆ ಹಾಕಿದೆ. ಪ್ರತಿಯೊಂದು ಹಳಿಯ ತುಂಡಿಗೂ ಅದರದ್ದೇ ಫೀಡರ್ ಕೊಟ್ಟೆ. ಎಲ್ಲ ಜಾಯ್ನರ್‌ಗಳನ್ನೂ ಬೆಸುಗೆ ಹಾಕಿ ಮುಗಿಸಿಬಿಡೋಣವೆಂಬ ಆಸೆ ಹುಟ್ಟುತ್ತದೆ, ಆದರೆ ಕೆಳಗಿನ ಮರದ ಹಲಗೆ ಹವೆಯ ತೇವಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವುದರಿಂದ ಹಳಿಗಳಿಗೆ ಅಲುಗಾಡಲು ಎಡೆ ಬೇಕು. ತಿರುವುಗಳಲ್ಲಿ ಮಾತ್ರ ಬೆಸುಗೆ ಹಾಕಿ, ನೇರ ಹಾದಿಯಲ್ಲಿ ಸಂದಿ ಬಿಟ್ಟಿದ್ದೇನೆ. ಕೆಲಸ ಮುಗಿದ ಮೇಲೆ ಅದೇ ಬಲ್ಬು ಅದೇ ತಿರುವಿನಲ್ಲಿ 13.6 ವೋಲ್ಟಿನಲ್ಲಿ ಉರಿಯಿತು, ನಾಣ್ಯ ಇಟ್ಟ ಕೂಡಲೇ ಬೂಸ್ಟರ್ ಟಕ್ಕೆಂದು ಟ್ರಿಪ್ ಆಯಿತು.

ಧ್ವನಿ ಡಿಕೋಡರ್ ಮೊದಲಿನಿಂದ ಸ್ಟಾರ್ಟ್ ಆಗುತ್ತಿದ್ದುದು ಆ ದಿನದಿಂದ ನಿಂತಿತು. ನಾನು ಅದನ್ನು ಧ್ವನಿಯ ದೋಷವೆಂದು ತಿಳಿದು ಸ್ಪೀಕರ್ ಬದಲಿಸಲು ಹೊರಟಿದ್ದೆ. ವಾಸ್ತವದಲ್ಲಿ ವೋಲ್ಟೇಜ್ ಕುಸಿದಾಗ ಅದರೊಳಗಿನ ಪ್ರೊಸೆಸರ್ ನಿಂತು ಮತ್ತೆ ಎಚ್ಚರಗೊಳ್ಳುತ್ತಿತ್ತು. ಆದರೂ ಚಟಪಟ ಎನ್ನುವ ಸಣ್ಣ ಸದ್ದು ಉಳಿದುಕೊಂಡಿತು, ಅದು ಎಲ್ಲ ಕಡೆಯೂ ಕೇಳುತ್ತಿತ್ತು, ತಿರುವಿಗೆ ಸೀಮಿತವಾಗಿರಲಿಲ್ಲ. ಎಲ್ಲ ಕಡೆ ಇರುವ ದೋಷ ಎಂಜಿನ್‌ನದು, ಒಂದೇ ಕಡೆ ಇರುವ ದೋಷ ಹಳಿಯದು. ಈ ಒಂದು ವಿಂಗಡಣೆ ಎಷ್ಟೋ ಗಂಟೆಗಳನ್ನು ಉಳಿಸುತ್ತದೆ. ಎಂಜಿನ್ ಅನ್ನು ಮೆತ್ತನೆಯ ಸ್ಪಂಜಿನ ಮೇಲೆ ಅಂಗಾತ ಮಲಗಿಸಿ, ಬೂಸ್ಟರ್‌ನಿಂದ ಬಂದ ಎರಡು ವೈರುಗಳ ತುದಿಯನ್ನು ಎಡಬಲದ ಒಂದೊಂದು ಚಕ್ರಕ್ಕೆ ಮುಟ್ಟಿಸುತ್ತ ಹೋದೆ. ಎಂಟು ಚಕ್ರಗಳಲ್ಲಿ ಎರಡು ಸತ್ತಿದ್ದವು. ಒಂದರಲ್ಲಿ ಹಿತ್ತಾಳೆ ಬಣ್ಣದ ಸಂಪರ್ಕ ಪಟ್ಟಿ ಚಕ್ರದ ಬೆನ್ನಿನಿಂದ ಅರ್ಧ ಮಿಲಿಮೀಟರ್ ದೂರ ಸರಿದಿತ್ತು. ಇನ್ನೊಂದರಲ್ಲಿ ಪಟ್ಟಿಗೂ ಚಕ್ರಕ್ಕೂ ನಡುವೆ ಎಣ್ಣೆಯಲ್ಲಿ ನೆನೆದ ದಾರದ ನಾರು ಸುತ್ತಿಕೊಂಡಿತ್ತು. ಹಿಡಿತಕ್ಕಾಗಿ ರಬ್ಬರ್ ಪಟ್ಟಿ ಹಾಕಿದ ಇನ್ನೆರಡು ಚಕ್ರಗಳು ಮೊದಲೇ ವಿದ್ಯುತ್ ತೆಗೆದುಕೊಳ್ಳುವುದಿಲ್ಲ. ಹಾಗೆ ನೋಡಿದರೆ ಆ ಎಂಜಿನ್ ನಾಲ್ಕೇ ಚಕ್ರಗಳ ಮೇಲೆ ಬದುಕಿತ್ತು.

ಸಂಪರ್ಕ ಹೀಗೆ ಕ್ಷಣಕಾಲ ತಪ್ಪಿದಾಗಲೆಲ್ಲ ಚಕ್ರ ಮತ್ತು ಹಳಿಯ ನಡುವೆ ಕಣ್ಣಿಗೆ ಕಾಣುವ, ಕೆಲವೊಮ್ಮೆ ಕಾಣದ ಕಿಡಿ ಹಾರುತ್ತದೆ. ಕಿಡಿ ಹಾರಿದಲ್ಲಿ ಕಪ್ಪು ಮಸಿ ಕೂರುತ್ತದೆ, ಮಸಿ ಕೂತಲ್ಲಿ ಸಂಪರ್ಕ ಇನ್ನಷ್ಟು ಕೆಡುತ್ತದೆ, ಅದರಿಂದ ಇನ್ನಷ್ಟು ಕಿಡಿ. ಕೊಳೆಯಾದ ಹಳಿ ದಿನೇ ದಿನೇ ಹೆಚ್ಚು ಬೇಗ ಕೊಳೆಯಾಗುವುದು ಇದೇ ಕಾರಣಕ್ಕೆ. ಉಜ್ಜುವ ಕಲ್ಲಿನಿಂದ ತಿಕ್ಕಿದರೆ ಹಳಿ ಆ ದಿನ ಹೊಳೆಯುತ್ತದೆಯಾದರೂ ಮೇಲ್ಮೈಯಲ್ಲಿ ಸಣ್ಣ ಗೀರುಗಳು ಮೂಡಿ ಮುಂದಿನ ಮಸಿಗೆ ಮನೆಯಾಗುತ್ತವೆ. ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸುವುದು ನಿಧಾನದ ಕೆಲಸ, ಆದರೆ ಹಳಿಗೆ ಕ್ಷೇಮ.

ಈ ಹಂತದಲ್ಲಿ ಅನೇಕರು ಡಿಕೋಡರ್‌ಗೆ ಕೆಪಾಸಿಟರ್ ಜೋಡಿಸಿ, ಸಂಪರ್ಕ ತಪ್ಪಿದಾಗ ಅದರಿಂದ ಎಂಜಿನ್ ನಡೆಯುವಂತೆ ಮಾಡುತ್ತಾರೆ. ಅದು ಒಳ್ಳೆಯ ಉಪಾಯವೇ, ಆದರೆ ಎಷ್ಟು ದೊಡ್ಡ ಕೆಪಾಸಿಟರ್ ಎಂಬುದನ್ನು ಲೆಕ್ಕ ಹಾಕಿ ನಿರ್ಧರಿಸಬೇಕು. ಎಂಜಿನ್ 0.2 ಆಂಪಿಯರ್ ಎಳೆಯುತ್ತದೆ, 13 ವೋಲ್ಟಿನಿಂದ 7 ವೋಲ್ಟಿಗೆ ಇಳಿಯುವವರೆಗೆ ಡಿಕೋಡರ್ ಬದುಕಿರುತ್ತದೆ ಎಂದಿಟ್ಟುಕೊಂಡರೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಅದನ್ನು 30 ಮಿಲಿಸೆಕೆಂಡ್ ನಡೆಸುತ್ತದೆ. 1:87 ಅಳತೆಯಲ್ಲಿ ಗಂಟೆಗೆ 10 ಕಿಲೋಮೀಟರ್ ಎಂದರೆ ಸೆಕೆಂಡಿಗೆ 32 ಮಿಲಿಮೀಟರ್. ಅಂದರೆ ಅಷ್ಟರಲ್ಲಿ ಎಂಜಿನ್ ಸಾಗುವುದು ಒಂದೇ ಒಂದು ಮಿಲಿಮೀಟರ್. 1 ಫ್ಯಾರಡ್, 2.7 ವೋಲ್ಟಿನ ಐದು ಸೂಪರ್ ಕೆಪಾಸಿಟರ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ ಒಟ್ಟು 0.2 ಫ್ಯಾರಡ್ ಆಗಿ ಅದೇ ಲೆಕ್ಕದಲ್ಲಿ 6 ಸೆಕೆಂಡ್ ಸಿಗುತ್ತದೆ. ಅವುಗಳ ಒಟ್ಟು ಮಿತಿ 13.5 ವೋಲ್ಟ್ ಎಂಬುದನ್ನು ಮರೆಯಬಾರದು; ಚಾರ್ಜ್ ಆಗುವಾಗ ಹಠಾತ್ತನೆ ಕರೆಂಟ್ ಎಳೆಯದಂತೆ ರೆಸಿಸ್ಟರ್ ಕೂಡ ಬೇಕು. ನನ್ನ ಅಭಿಪ್ರಾಯದಲ್ಲಿ ಇದನ್ನು ಹಳಿ ಮತ್ತು ಚಕ್ರಗಳನ್ನು ಸರಿಪಡಿಸಿದ ನಂತರವೇ ಹಾಕಬೇಕು. ಮೊದಲೇ ಹಾಕಿದರೆ ಆ ಬಣ್ಣ ಹಿಡಿದ ಜಾಯ್ನರ್‌ನಂಥ ದೋಷ ಕಾಣಿಸದೆ ಹೋಗುತ್ತದೆ, ಮತ್ತು ಕಾಣದ ದೋಷ ಬಿಸಿಯಾಗುತ್ತಲೇ ಇರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ವಿದ್ಯುತ್ ಸಾಲದ ಕಥೆ. ಇನ್ನು ಬೇಡದ ವಿದ್ಯುತ್, ಅಂದರೆ ನಾಯ್ಸ್. ನನ್ನ ಮಾರ್ಗದಲ್ಲಿ ಯಾವ ವಿಭಾಗದಲ್ಲಿ ರೈಲು ಇದೆ ಎಂದು ತಿಳಿಸುವ ಎಸ್88 ಫೀಡ್‌ಬ್ಯಾಕ್ ವ್ಯವಸ್ಥೆ ಇದೆ. ಯಾರ್ಡಿನಲ್ಲಿ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಒಂದು ಪಾಯಿಂಟ್ ಅನ್ನು ಬದಲಿಸಿದಾಗಲೆಲ್ಲ, ಖಾಲಿ ಇರುವ ಮೂರನೆಯ ವಿಭಾಗದಲ್ಲಿ ರೈಲು ಬಂದಿದೆಯೆಂದು ಪರದೆಯಲ್ಲಿ ಕೆಂಪು ಗೆರೆ ಮೂಡಿ ಮರೆಯಾಗುತ್ತಿತ್ತು. ಪಾಯಿಂಟ್ ಸರಿಸುವುದು ಸುರುಳಿ ಸುತ್ತಿದ ಸೊಲೆನಾಯ್ಡ್. ಅದರ ಕರೆಂಟ್ ಕಡಿದ ಕ್ಷಣದಲ್ಲಿ ಸುರುಳಿಯಲ್ಲಿ ಸಂಗ್ರಹವಾಗಿದ್ದ ಶಕ್ತಿ ನೂರಾರು ವೋಲ್ಟಿನ ಮೊನಚಾದ ಸ್ಪೈಕ್ ಆಗಿ ಹೊರಬೀಳಬಲ್ಲದು. ಅಚ್ಚುಕಟ್ಟಾಗಿ ಕಾಣಲೆಂದು ನಾನು ಸೊಲೆನಾಯ್ಡ್ ವೈರುಗಳನ್ನೂ ಎಸ್88ರ ಚಪ್ಪಟೆ ರಿಬ್ಬನ್ ಕೇಬಲನ್ನೂ ಒಂದೇ ಕಟ್ಟಿನಲ್ಲಿ ಮೂರು ಮೀಟರ್ ಉದ್ದಕ್ಕೆ ಬಿಗಿದಿದ್ದೆ. ಒಂದರ ಸ್ಪೈಕ್ ಪಕ್ಕದ್ದರೊಳಗೆ ಇಳಿಯುವುದಕ್ಕೆ ಇದಕ್ಕಿಂತ ಅನುಕೂಲವಾದ ಏರ್ಪಾಡು ಇಲ್ಲ. ಕಟ್ಟುಗಳನ್ನು ಕತ್ತರಿಸಿ ಎರಡನ್ನೂ ಒಂದು ಗೇಣು ದೂರ ಮಾಡಿದೆ. ದಾಟಲೇಬೇಕಾದಲ್ಲಿ ಲಂಬವಾಗಿ ದಾಟಿಸಿದೆ. ಸೊಲೆನಾಯ್ಡ್‌ಗಳಿಗೆ ನನ್ನಲ್ಲಿ ಡಿಸಿ ಪೂರೈಕೆ ಇರುವುದರಿಂದ ಪ್ರತಿ ಸುರುಳಿಗೂ, ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಒಂದು ಡಯೋಡನ್ನು ತಿರುಗುಮುರುಗಾಗಿ, ಅಂದರೆ ಕ್ಯಾಥೋಡ್ ಧನ ತುದಿಗೆ ಬರುವಂತೆ ಬೆಸೆದೆ. ರಿಬ್ಬನ್ ಕೇಬಲ್ ತೆಗೆದು, ಎಸ್88-ಎನ್ ಪದ್ಧತಿಯಲ್ಲಿರುವಂತೆ ಹೆಣೆದ ಜೋಡಿ ವೈರುಗಳ ನೆಟ್‌ವರ್ಕ್ ಕೇಬಲ್ ಹಾಕಿದೆ. ಕೆಂಪು ಗೆರೆ ಆಮೇಲೆ ಕಾಣಿಸಿಕೊಂಡಿಲ್ಲ.

ಬಸ್ ವೈರುಗಳನ್ನೂ ಹೀಗೆಯೇ ಸಡಿಲವಾಗಿ ಹೆಣೆಯುವುದು ಒಳ್ಳೆಯದು. ಎರಡು ವೈರುಗಳ ನಡುವೆ ಜಾಗ ಹೆಚ್ಚಿದಷ್ಟೂ ಇಂಡಕ್ಟೆನ್ಸ್, ಅಂದರೆ ಕರೆಂಟಿನ ಬದಲಾವಣೆಗೆ ಒಡ್ಡುವ ತಡೆ, ಹೆಚ್ಚಿ ಚೌಕಾಕಾರದ ಅಲೆಯ ಪ್ರತಿ ಅಂಚಿನಲ್ಲಿಯೂ ಗಂಟೆ ಬಾರಿಸಿದ ಮೇಲೆ ಉಳಿಯುವ ಕಂಪನದಂಥ ಏರಿಳಿತ ಉಂಟಾಗುತ್ತದೆ. ಅದು ಡಿಕೋಡರ್‌ಗಳಿಗೆ ಆದೇಶ ತಪ್ಪಾಗಿ ಕೇಳಿಸುವಂತೆ ಮಾಡಬಹುದು, ಮಿತಿಮೀರಿದರೆ ಅವುಗಳನ್ನು ಸುಡಲೂಬಹುದು. ಬಸ್‌ನ ತುದಿಯಲ್ಲಿ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಅನ್ನು ಸರಣಿಯಲ್ಲಿ ಜೋಡಿಸಿ ಎರಡೂ ವೈರುಗಳ ನಡುವೆ ಹಾಕಿದರೆ ಆ ಏರಿಳಿತ ಅಡಗುತ್ತದೆ. ಇಲ್ಲಿ ಕಾಲು ವ್ಯಾಟಿನ ರೆಸಿಸ್ಟರ್ ಬೇಡ. 14 ವೋಲ್ಟಿನ ಡಿಸಿಸಿ ಸಂಕೇತಕ್ಕೆ ಅದರಲ್ಲಿ ಸುಮಾರು 0.7 ವ್ಯಾಟ್ ವ್ಯಯವಾಗುತ್ತದೆ. 2 ವ್ಯಾಟಿನದು ನೆಮ್ಮದಿಯಾಗಿ ಬಾಳುತ್ತದೆ. ಇದಕ್ಕೆ ವಿರುದ್ಧವಾಗಿ, ಹಳೆಯ ಡಿಸಿ ಸೆಟ್‌ಗಳ ವಿದ್ಯುತ್ ಸಂಪರ್ಕದ ಹಳಿಯೊಳಗೆ ರೇಡಿಯೋ ತೊಂದರೆ ತಡೆಯಲು ಇಟ್ಟಿರುವ ಕೆಪಾಸಿಟರ್ ಇದ್ದರೆ ಡಿಸಿಸಿಗೆ ಬದಲಾಗುವಾಗ ಅದನ್ನು ಕತ್ತರಿಸಿ ತೆಗೆಯಬೇಕು. ಅದರ ಜೊತೆ ಸರಣಿಯಲ್ಲಿ ರೆಸಿಸ್ಟರ್ ಇಲ್ಲ, ಆದ್ದರಿಂದ ಅದು ಅಲೆಯ ಅಂಚುಗಳನ್ನೇ ನುಂಗುತ್ತದೆ.

ಕೊನೆಗೆ ಉಳಿದದ್ದು ಹಳೆಯದೊಂದು ಶಂಟಿಂಗ್ ಎಂಜಿನ್, ನಿಧಾನವಾಗಿ ಹೋಗುವಾಗ ಜೀರುಂಡೆಯಂತೆ ಗುಂಯ್‌ಗುಡುತ್ತಿತ್ತು. ಬಿಚ್ಚಿ ನೋಡಿದಾಗ ಮೋಟಾರ್‌ನ ಕಾಮ್ಯುಟೇಟರ್, ಅಂದರೆ ಬ್ರಷ್‌ಗಳಿಂದ ಸುರುಳಿಗಳಿಗೆ ಕರೆಂಟ್ ದಾಟಿಸುವ ತಾಮ್ರದ ಉರುಳೆ, ಕಪ್ಪಾಗಿತ್ತು, ಅದರ ಮೂರು ಸೀಳುಗಳಲ್ಲಿ ಕಾರ್ಬನ್ ಬ್ರಷ್‌ನ ಪುಡಿ ಎಣ್ಣೆಯೊಂದಿಗೆ ಕಲೆತು ಗಟ್ಟಿಯಾಗಿತ್ತು. ಆ ಪುಡಿ ವಿದ್ಯುತ್ ವಾಹಕವಾದ್ದರಿಂದ ಪಕ್ಕಪಕ್ಕದ ತುಂಡುಗಳ ನಡುವೆ ಕರೆಂಟ್ ಸೋರಿ, ಮೋಟಾರ್ ಹೆಚ್ಚು ಎಳೆಯುತ್ತ, ಹೆಚ್ಚು ಕಿಡಿ ಹಾರಿಸುತ್ತ ಓಡುತ್ತಿತ್ತು. ಮೊನಚು ಮಾಡಿದ ಮರದ ಕಡ್ಡಿಯಿಂದ ಸೀಳುಗಳನ್ನು ಕೆರೆದು, ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ತಾಮ್ರ ಕಾಣುವವರೆಗೆ ಒರೆಸಿದೆ. ಕಿಡಿ ಕಡಿಮೆಯಾಯಿತು, ಎಂಜಿನ್ ಮೊದಲಿಗಿಂತ ಮೆಲ್ಲಗೆ ಹೊರಡಲು ಕಲಿಯಿತು. ಗುಂಯ್‌ಗುಡುವುದು ಅರ್ಧ ಇಳಿದು ಅಲ್ಲಿಗೆ ನಿಂತಿತು. ಉಳಿದ ಅರ್ಧ ಮೋಟಾರ್‌ನದಲ್ಲ, ಡಿಕೋಡರ್‌ನದು: ಹಳೆಯ ಡಿಕೋಡರ್‌ಗಳು ಮೋಟಾರ್‌ಗೆ ವಿದ್ಯುತ್ತನ್ನು ಸೆಕೆಂಡಿಗೆ ನೂರರ ಆಸುಪಾಸಿನ ತುಣುಕುಗಳಾಗಿ ಕೊಡುತ್ತವೆ, ಆ ಬಡಿತವನ್ನು ಮೋಟಾರ್ ಸದ್ದಾಗಿ ಹೊರಡಿಸುತ್ತದೆ. ಹೊಸ ಡಿಕೋಡರ್‌ಗಳು ಅದನ್ನು ಸೆಕೆಂಡಿಗೆ ಹದಿನಾರು ಸಾವಿರಕ್ಕಿಂತ ಮೇಲೆ, ಕಿವಿಗೆ ಕೇಳದಷ್ಟು ವೇಗವಾಗಿ ಮಾಡುತ್ತವೆ. ಹೊಸದನ್ನು ತರಿಸಿ ಇಟ್ಟಿದ್ದೇನೆ. ಆ ಎಂಜಿನ್ ಮೋಟಾರ್‌ನ ಒಂದು ತುದಿ ಚಾಸಿಗೇ ಅಂಟಿಕೊಂಡಿರುವ ಮಾದರಿಯದಾದ್ದರಿಂದ ಮೊದಲು ಅದನ್ನು ಪ್ರತ್ಯೇಕಿಸಬೇಕೋ ಅಥವಾ ಹಿಂದೆ ಯಾರೋ ಆ ಕೆಲಸ ಮಾಡಿದ್ದಾರೋ ಎಂಬುದನ್ನು ಮೀಟರ್ ಹಿಡಿದು ನೋಡಿ, ಬ್ರಷ್‌ಗಳಿಗೂ ಚಾಸಿಗೂ ನಡುವೆ ಸಂಪರ್ಕ ಇಲ್ಲವೆಂದು ಖಚಿತವಾದ ಮೇಲೆಯೇ ಬೆಸುಗೆಯ ಕಡ್ಡಿಯನ್ನು ಬಿಸಿಗಿಡುತ್ತೇನೆ.